ಅಪ್‌ಡೇಟ್: ಚಾರ್ಮಾಡಿ ಘಾಟಿಯ ಬಂಡೆ ಮೇಲಿನ ಗುಲಾಬಿ ಬಣ್ಣದ ಹೂವು ಯಾವುದೆಂದು ಗೊತ್ತಾಯಿತು

ನೀರು ಜಿನುಗುವ ಬಂಡೆಗೆ ಅಂಟಿಕೊಂಡಿದ್ದ ಗುಲಾಬಿ ಬಣ್ಣದ ಹೂವಿನ ಫೋಟೋ ಹಾಕಿ, ಇದು ಕಾಡಿನ ಆರ್ಕಿಡ್ಡಾ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಇದು ಇಂಪೇಷಿಯನ್ಸ್ ಅಕಾಲಿಸ್. ನಮ್ಮ ಅಂಗಳದ ಕರ್ಣಕುಂಡಲದ ನೆಂಟ! ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾದ ಗಿಡ. ನೀವು ಹೇಳಿದ ಹಾಗೆ ಮತ್ತೆ ಹೋಗಿ ಬುಡ ನೋಡಿದೆ. ಕಾಂಡವೇ ಇಲ್ಲ. ಎಲೆಗಳೂ ಹೂವಿನ ತೊಟ್ಟೂ ನೇರವಾಗಿ ಬುಡದಿಂದಲೇ ಎದ್ದಿವೆ. ಹೂವಿನ ಹಿಂದೆ ಉದ್ದನೆಯ, ಬಾಗಿದ ಬಾಲ. ಮಕರಂದ ಇರುವುದು ಅದರೊಳಗೆ. ಆರ್ಕಿಡ್ ಅಲ್ಲ ಅನ್ನಲು ಕಾಯಿ ಸಾಕಿತ್ತು: ಬಲಿತದ್ದನ್ನು ಮುಟ್ಟಿದರೆ ಕರ್ಣಕುಂಡಲದಂತೆಯೇ ಪಟ್ಟನೆ ಸಿಡಿಯುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಅದು ಬದುಕುವ ರೀತಿ. ಬೇಸಿಗೆಯಲ್ಲಿ ಆ ಬಂಡೆ ಒಣಗಿ ಬರಿದಾಗಿರುತ್ತದೆ. ಬಿರುಕಿನ ಪಾಚಿ, ಮಣ್ಣಿನಲ್ಲಿ ಪುಟ್ಟ ಗಡ್ಡೆ ಮಾತ್ರ ಉಳಿದು, ಮಳೆ ಹಿಡಿದ ಮೇಲೆ ಚಿಗುರುತ್ತದೆ.

ಕೆಲವರು ಮನೆಯಲ್ಲಿ ಬೆಳೆಸಬಹುದಾ ಎಂದು ಕೇಳಿದ್ದಿರಿ. ದಯವಿಟ್ಟು ಕೀಳಬೇಡಿ. ಮಳೆಗಾಲದಲ್ಲಿ ನೀರು ಜಿನುಗುವ ಬಂಡೆಯನ್ನು ಕುಂಡದಲ್ಲಿ ಕೊಡೋಕಾಗಲ್ಲ, ಅಲ್ವಾ? ಫೋಟೋ ತೆಗೆಯುವಾಗ ಬುಡವೂ ಬಾಲವೂ ಕಾಣಲಿ, ಗುರುತಿಸೋದು ಸುಲಭ.