ಅಡಿಗಿಯವರು ಪರಿಚಯದವರು, ಚೀಟಿ ಬರಸ್ಕೊಳ್ಳೋದು ಹೆಂಗ?

ಕೊಪ್ಪಳ_ಹುಡುಗ

ಎಲ್ಲಾರ್ಗೂ ನಮಸ್ಕಾರ್ರೀ. ವೈಶಾಖದಾಗ ನಮ್ಮ ತಂಗಿ ಮದುವಿ ಐತಿ, ಅಪ್ಪಗ ಓಡಾಡಾಕ ಆಗಂಗಿಲ್ಲ, ಎಲ್ಲಾ ನನ್ನ ಮ್ಯಾಲೆ ಬಿದ್ದೈತಿ. ಕೊಪ್ಪಳದಾಗ ಮಂಟಪ ಬುಕ್ ಮಾಡಿ 20 ಸಾವಿರ ಅಡ್ವಾನ್ಸ್ ಕೊಟ್ಟೀನಿ, ಅದಕ್ಕ ಅವರು ಕೊಟ್ಟಿದ್ದು ಒಂದು ವಿಸಿಟಿಂಗ್ ಕಾರ್ಡ್, ಅದರ ಹಿಂದ ಪೆನ್ನಿಲೆ ತಾರೀಖು ಮತ್ತ ಸಹಿ, ಅಷ್ಟ.

ಅಡಿಗಿಯವರು ನಮ್ಮ ಚಿಕ್ಕಪ್ಪನ ದೋಸ್ತರು. 800 ಮಂದಿಗೆ ಮಾತಾಡೀವಿ, ಪ್ಲೇಟಿಗೆ 180 ಅಂದಾರ, ಮುಂಜಾನಿ ನಾಷ್ಟಾ ಇದರಾಗ ಬರ್ತೈತೋ ಇಲ್ಲೋ ಅಂತ ಕೇಳಿದ್ರ "ಎಲ್ಲಾ ನೋಡ್ಕೊಂಡು ಮಾಡೂಣು ತಗೋ ತಮ್ಮಾ" ಅಂತಾರ. ಫೋಟೋದವರು 75 ಸಾವಿರ ಹೇಳ್ಯಾರ, ಅರ್ಧ ಈಗ್ಲೇ ಬೇಕಂತ. ಒಂದು ಪೇಪರ್ ಮಾಡಿ ಎಲ್ಲಾರ ಸಹಿ ಹಾಕಸೂಣು ಅಂದೆ, ಚಿಕ್ಕಪ್ಪ ಸಿಟ್ಟಾದ್ರು, "ಮನಿಮಂದಿ ಇದ್ದಂಗ ಅದಾರ, ಕಾಗದ ಕೇಳಿದ್ರ ಏನ್ ತಿಳ್ಕೋತಾರ" ಅಂದ್ರು. ಹಿಂಗ ಕೇಳೋದು ತಪ್ಪೇನ್ರೀ? ಕೇಳೋದಾದ್ರ ಏನೇನ್ ಬರಸ್ಕೋಬೇಕು, ರೇಟ್ ಎಷ್ಟು ಇಳಿಸಬಹುದು, ಗೊತ್ತಿದ್ದವರು ಹೇಳ್ರಿ.

ರಾಯಚೂರು_ಅಕ್ಕ

ತಪ್ಪಲ್ಲ ತಮ್ಮಾ. ನಾವು ಕೇಳಲಾರ್ದ ಸುಟ್ಕೊಂಡೀವಿ.

ನಮ್ಮ ಮಗಳ ಮದುವಿ ಮೇ ತಿಂಗಳದಾಗ ಆತು, ರಾಯಚೂರಿನ ಬಿಸಿಲು ನಿಮಗ ಗೊತ್ತೇ ಅದ. ಮಂಟಪದವರು ಒಂದೇ ಮೊತ್ತ ಹೇಳಿದ್ರು, ನಾವು ಅದರಾಗೇ ಎಲ್ಲಾ ಬಂತು ಅನ್ಕೊಂಡ್ವಿ. ಅವತ್ತು ಎರಡು ಸಲ ಕರೆಂಟ್ ಹೋತು, ಜನರೇಟರ್ ಹಚ್ಚಿದ್ರು, ಯಾರೂ ತಲಿ ಕೆಡಿಸ್ಕೊಳ್ಳಲಿಲ್ಲ. ಸಂಜಿಗೆ ಮಗಳನ್ನ ಕಳಿಸಿಕೊಡೋ ಹೊತ್ತಿಗೆ ಮ್ಯಾನೇಜರ್ ಚೀಟಿ ಹಿಡ್ಕೊಂಡು ಬಂದು ನಿಂತ, ಡೀಸೆಲ್ ತಾಸಿನ ಲೆಕ್ಕ, ಕರೆಂಟ್ ಬಿಲ್ ಬ್ಯಾರೆ, ಕ್ಲೀನಿಂಗ್ ಬ್ಯಾರೆ, ಎರಡು ಖುರ್ಚಿ ಮುರಿದಾವ ಅಂತ ಅದೊಂದು. ಒಳಗ ಹುಡುಗಿ ನನ್ನ ಸೆರಗು ಹಿಡ್ಕೊಂಡು ಅಳ್ಳಿಕತ್ತಿದ್ಲು, ಹೊರಗ ನಮ್ಮ ಮನಿಯವರು ಡೀಸೆಲ್ ಲೆಕ್ಕ ಹಾಕ್ಲಿಕತ್ತಿದ್ರು. ಬೀಗರ ಎದುರು ಜಗಳ ಆಡ್ಲಿಕ್ಕೆ ಆಗ್ತದೇನು, ಕೇಳಿದಷ್ಟು ಕೊಟ್ಟು ಬಂದ್ರು. ಮಗಳನ್ನ ಬಾಗಿಲ ತನಕ ಕಳಿಸ್ಲಿಕ್ಕೂ ಅವರಿಗೆ ಆಗಲಿಲ್ಲ, ಅದೇ ನನಗ ಇವತ್ತಿಗೂ ಸಂಕಟ.

ನೀ ಇವತ್ತೇ ಹೋಗಿ ಕೇಳು: ಕೀಲಿ ಯಾವತ್ತು ಎಷ್ಟು ಗಂಟೆಗೆ ಕೊಡ್ತಾರ, ಯಾವಾಗ ಬಿಡಬೇಕು, ಜನರೇಟರ್ ಎಷ್ಟು ತಾಸು ಬಾಡಿಗಿಯೊಳಗ ಬರ್ತದ, ಡೀಸೆಲ್ ಯಾರದು, ನೀರಿನ ಟ್ಯಾಂಕರ್ ಯಾರು ತರಿಸ್ತಾರ, ಹೊರಗಿನ ಡೆಕೊರೇಶನ್‌ದವರನ್ನ ಬಿಡ್ತಾರೋ ಇಲ್ಲೋ. ಕೀಲಿ ತಗೊಳ್ಳೋವಾಗ ಕರೆಂಟ್ ಮೀಟರ್ ಫೋಟೋ ಹೊಡ್ಕೋ, ಪಾತ್ರಿ ಎಣಿಸ್ಕೋ. ಕೊನಿ ಲೆಕ್ಕ ಮರುದಿನ ಮುಂಜಾನಿ ಅಂತ ಬರಸು, ಮದುವಿ ದಿನ ಯಾರೂ ರೊಕ್ಕದ ಮಾತು ತೆಗಿಬಾರದು.

ಬಳ್ಳಾರಿ_ಕ್ಯಾಮೆರಾ

ನಾನು ಇದೇ ಕೆಲಸದಾಗ ಇರೋನು ಬ್ರದರ್, ಅದಕ್ಕೇ ನಮ್ಮ ಕಡೆ ಮಾತು ಹೇಳ್ತೀನಿ. ಒಳ್ಳೆ ಮುಹೂರ್ತದ ದಿನ ನಾವು ರೇಟ್ ಇಳಿಸಲ್ಲ, ಯಾಕಂದ್ರೆ ಅದೇ ತಾರೀಖಿಗೆ ಇನ್ನೂ ನಾಲ್ಕು ಜನ ಕೇಳಿರ್ತಾರೆ, ಆಷಾಢದಾಗ ಸುಮ್ನೆ ಕೂತಿರೋದೂ ನಾವೇ. ಹಂಗಾಗಿ "ಐದು ಸಾವಿರ ಬಿಡ್ರಿ" ಅಂತ ಜಗ್ಗೋದಕ್ಕಿಂತ ಡ್ರೋನ್ ಬೇಡ, ಎರಡು ಆಲ್ಬಮ್ ಬದ್ಲಿ ಒಂದು ಸಾಕು ಅಂತ ಕೇಳಿ ನೋಡ್ರಿ, ಅದಕ್ಕೆ ನಾವೇ ಕಡಿಮೆ ಮಾಡ್ತೀವಿ. ಬರೇ ರೇಟ್ ಜಗ್ಗಿದ್ರೆ ಕೆಲವರು ಹೂಂ ಅಂದು ಅವತ್ತು ಕಲಿಯೋ ಹುಡುಗನ್ನ ಕಳಿಸಿಬಿಡ್ತಾರೆ.

ಅದಕ್ಕೆ ಮೊದ್ಲು ಬರಸೋದು ಯಾರು ಬರ್ತಾರೆ ಅಂತ, ಆ ಮನುಷ್ಯನ ಹೆಸರು. ಆಮೇಲೆ ಅರಿಶಿಣದಿಂದ ಶುರುನಾ ಇಲ್ಲ ಅಕ್ಕಿಕಾಳಿಗೆ ಮಾತ್ರನಾ, ಆಲ್ಬಮ್‌ನಾಗೆ ಎಷ್ಟು ಶೀಟು, ಯಾವ ಸೈಜು, ಎಲ್ಲಾ ಫೋಟೋ ಹಾರ್ಡ್ ಡಿಸ್ಕ್‌ನಾಗೆ ಕೊಡ್ತಾರಾ, ಎಷ್ಟು ದಿನಕ್ಕೆ. ಅರ್ಧ ರೊಕ್ಕ ಈಗ್ಲೇ ಕೊಡಬೇಡ್ರಿ. ಬುಕ್ಕಿಂಗಿಗೆ ಒಂದಿಷ್ಟು, ಮದುವೆ ದಿನ ದೊಡ್ಡ ಪಾಲು, ಕಾಲು ಭಾಗ ಆಲ್ಬಮ್ ಕೈಗೆ ಬಂದ್ಮೇಲೆ. ನೀವೂ ಫೋಟೋ ಆರಿಸಿ ಕೊಡೋಕೆ ವರ್ಷ ಹಿಡೀಬೇಡ್ರಿ, ಆ ಕಾಲು ಭಾಗ ಅಲ್ಲೇ ನಿಂತುಬಿಡ್ತೈತೆ, ನಮಗೂ ಮನೆ ನಡೀಬೇಕು.

ಇನ್ನೊಂದು, ರೊಕ್ಕ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದೇ, ಬೇರೆ ಏನೂ ಒಪ್ಪಂದ ಆಗಿಲ್ಲ ಅಂದ್ರೆ. 1957ರ ಕಾಪಿರೈಟ್ ಕಾಯ್ದೆ ಹಂಗೇ ಹೇಳ್ತೈತೆ. ತಂಗಿ ಫೋಟೋ ಅವರ ಇನ್‌ಸ್ಟಾಗ್ರಾಮ್‌ನಾಗೆ ಹಾಕೋದು ನಿಮ್ಮ ಮನೆಯವರಿಗೆ ಇಷ್ಟ ಇಲ್ಲ ಅಂದ್ರೆ ಅದನ್ನೂ ಬರೀರಿ. ಚೀಟಿ ಬರೀರಿ ಅಂದ್ರೆ ನನಗಂತೂ ಬೇಜಾರಾಗಲ್ಲ.

ಗಂಗಾವತಿ_ಮಾಮಾ

ಚಿಕ್ಕಪ್ಪನ ಮಾತಿಗೆ ನಾ ಉತ್ತರ ಕೊಡ್ತೀನಿ. ನಿಶ್ಚಯದಾಗ ಬೀಗರ ಕೂಡ ಕುಂತು ಯಾದಿ ಬರೀತೀವಿಲ್ಲ, ಯಾವ ಖರ್ಚು ಯಾರದು ಅಂತ ಹಿರ್ಯಾರ ಮುಂದ ಬರದು ಅರಿಶಿಣ ಕುಂಕುಮ ಹಚ್ಚಿ ಎರಡೂ ಕಡಿಗೆ ಇಟ್ಕೋತೀವಿಲ್ಲ, ಆವಾಗ ಯಾರಾರ "ನಮ್ಮ ಮ್ಯಾಲೆ ನಂಬಿಕಿ ಇಲ್ಲೇನು" ಅಂದಾರೇನು? ಮಗಳನ್ನ ಕೊಡೋ ಮನಿ ಕೂಡ ಬರೀತೀವಿ, ಅಡಿಗಿಯವರ ಕೂಡ ಬರದ್ರ ಏನಾತು. ಅಗ್ರಿಮೆಂಟ್ ಅನಬ್ಯಾಡ, ಯಾದಿ ಅನ್ನು. ನೀ ಹೋಗಬ್ಯಾಡ, ಚಿಕ್ಕಪ್ಪನ ಕೈಲೇ ಬರಸು.

ಅಡಿಗಿದಾಗ ಜಗಳ ಬರೋದು ಎಣಿಕಿದಾಗ. 800 ಅಂದು 650 ಮಂದಿ ಬಂದ್ರ ಎಷ್ಟಕ್ಕ ಕೊಡ್ತೀ, 950 ಬಂದ್ರ ಮ್ಯಾಲಿನ 150 ಯಾವ ರೇಟು, ಅದನ್ನ ಮೊದ್ಲ ಮಾತಾಡು. 700ಕ್ಕ ಗ್ಯಾರಂಟಿ ಕೊಟ್ಟು ಮ್ಯಾಲಿಂದು ಉಂಡಷ್ಟಕ್ಕ ಅನ್ನು. ತಾಟು ಎಣಿಸಾಕ ನಿಮ್ಮ ಕಡಿ ಒಬ್ಬ ಹುಡುಗನ್ನ ಅಲ್ಲೇ ನಿಂದರಸು, ಕಟ್ಟು ಒಡಿಯೋಕ್ಕಿಂತ ಮೊದ್ಲ ಎಷ್ಟಿದ್ವು, ಕೊನಿಗೆ ಎಷ್ಟು ಉಳಿದ್ವು. "ಒಂದು ಸ್ವೀಟ್" ಅಂತ ಬರೀಬ್ಯಾಡ, ಗೋಧಿ ಹುಗ್ಗಿ ಅಂದ್ರ ಗೋಧಿ ಹುಗ್ಗಿ, ತುಪ್ಪ ಬಡಸ್ತಾರೋ ಇಲ್ಲೋ ಅದೂ ಬರಿ. ಬಡಸೋ ಹುಡುಗರು ಎಷ್ಟು ಮಂದಿ, ಇದನ್ನ ಯಾರೂ ಕೇಳಂಗಿಲ್ಲ, ಕೊನಿ ಪಂಕ್ತಿಗೆ ಸಾರು ಬರೋದ್ರಾಗ ಅನ್ನ ಆರಿ ಹೋಗಿರ್ತೈತಿ.

ನಾವು ಕಿರಾಣಿ ನಾವೇ ಹಾಕಿಸಿ ಅಡಿಗಿಯವರಿಗೆ ಬರೇ ಕೂಲಿ ಮಾತಾಡಿದ್ವಿ. ಸೋನಾ ಮಸೂರಿ ನಮ್ಮ ಹೊಲದ್ದೇ ಇತ್ತು. ಖರ್ಚು ಭಾಳ ಉಳೀತು ಆದ್ರ ಮನ್ಯಾಗ ಓಡಾಡೋ ಮಂದಿ ಇರಬೇಕು, ನೀ ಒಬ್ಬಾವ ಅಂದ್ರ ಪ್ಲೇಟ್ ಲೆಕ್ಕನ ಚಲೋ.

ಕೋರ್ಟ್_ರಸ್ತೆ

ವಕೀಲಿ ಮಾಡ್ತೀನಿ, ಎರಡು ಮಾತು. ಬಾಯಿಮಾತಿನ ಒಪ್ಪಂದಕ್ಕೂ 1872ರ ಕರಾರು ಕಾಯ್ದೆಯೊಳಗ ಬೆಲೆ ಅದ, ಆದ್ರ ಏನು ಮಾತಾಡಿದ್ವಿ ಅಂತ ತೋರಿಸ್ಲಿಕ್ಕೆ ಏನರ ಬೇಕಲ್ಲ. ಸ್ಟಾಂಪ್ ಪೇಪರ್ ಇಲ್ಲಾಂದ್ರೂ ನಡೀತದ, ಮಾತಾಡಿ ಬಂದ ರಾತ್ರಿನೇ "ಅಣ್ಣಾರ, ಇವತ್ತು ಹಿಂಗಿಂಗ ಮಾತಾಡೀವಿ, ಸರಿ ಅದನಲ್ಲ?" ಅಂತ ವಾಟ್ಸಾಪ್ ಕಳಸ್ರಿ, ಅವರು ಹೂಂ ಅಂತ ಹಾಕಿದ್ರ ಅದೂ ಸಾಕ್ಷಿನೇ. ಅಡ್ವಾನ್ಸ್ ಕೈಯಾಗ ಕೊಡಬ್ಯಾಡ್ರಿ, ಫೋನ್‌ಪೇನೋ ಬ್ಯಾಂಕೋ ಮಾಡ್ರಿ. ತಾರೀಖು ಮುಂದ ಹೋದ್ರ ಅಡ್ವಾನ್ಸ್ ಏನಾಗ್ತದ ಅಂತ ಈಗ್ಲೇ ಕೇಳ್ರಿ, ಸೂತಕ ಬಂದು ಮದುವಿ ಮುಂದ ಹೋದದ್ದು ನಾ ಭಾಳ ನೋಡೀನಿ.

ಜಿಎಸ್‌ಟಿ ಬ್ಯಾರೆ ಅಂದ್ರ ಅವರ ನಂಬರ್ ಕೇಳ್ರಿ, 15 ಅಂಕಿ-ಅಕ್ಷರ ಇರ್ತಾವ, ಕರ್ನಾಟಕದ್ದು 29ರಿಂದ ಶುರು ಆಗ್ತದ. ನಂಬರ್ ಇಲ್ಲಾಂದ್ರ ಅವರು ಜಿಎಸ್‌ಟಿ ತಗೊಳ್ಳೋ ಹಂಗಿಲ್ಲ. ಮೋಸ ಆದ್ರ ಜಿಲ್ಲಾ ಗ್ರಾಹಕರ ಆಯೋಗ ಅದ, ಎರಡು ವರ್ಷದೊಳಗ ಹೋಗಬೇಕು, ನೀವು ಕೊಟ್ಟ ರೊಕ್ಕ 5 ಲಕ್ಷದ ತನಕ ಇದ್ರ ಫೀ ಇಲ್ಲ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡಿ ನೋಡ್ರಿ.

ಕೊಪ್ಪಳ_ಹುಡುಗ

ಎಲ್ಲಾರ್ಗೂ ಕೈ ಮುಗೀತೀನ್ರೀ. ಮಾಮಾರು ಹೇಳಿದಂಗ ಯಾದಿ ಅಂತ ಹೇಳಿದೆ, ಚಿಕ್ಕಪ್ಪ ಒಂದು ಮಾತೂ ಅನಲಿಲ್ಲ, ತಾವೇ ನೋಟ್‌ಬುಕ್ ತಗೊಂಡು ನಿನ್ನೆ ಅಡಿಗಿಯವರ ಮನಿಗೆ ಹೋಗಿ ಕುಂತು ಬರದ್ರು. ನಾಷ್ಟಾಕ್ಕ ಬಂದಾಗ ಅಡಿಗಿಯವರು ಸ್ವಲ್ಪ ತಡದು "ಅದು ಬ್ಯಾರೆ ಆಗ್ತೈತ್ರೀ, ತಲಿಗೆ 40" ಅಂದ್ರು. ಚಿಕ್ಕಪ್ಪ ನನ್ನ ಮಾರಿ ನೋಡಿದ್ರು. ಉಪ್ಪಿಟ್ಟು-ಶಿರಾ 300 ಮಂದಿಗೆ ಅಂತ ಬರದು 30ಕ್ಕ ಮುಗಿಸಿದ್ರು. ಫೋಟೋದವರು 15 ಸಾವಿರ ಅಡ್ವಾನ್ಸಿಗೆ ಒಪ್ಪ್ಯಾರ. ಸೋಮವಾರ ಮಂಟಪಕ್ಕ ಹೊಂಟೀವಿ, ಚಿಕ್ಕಪ್ಪನೂ ಬರ್ತೀನಿ ಅಂದಾರ, ಅಕ್ಕಾರು ಬರದದ್ದನ್ನ ಅವರಿಗೆ ಓದಿ ಹೇಳೀನಿ.