ಮೂಗಿನ ಪಕ್ಕದ ಕ್ಯಾನ್ಸರ್ ಗುಳ್ಳೆ ಮುಲಾಮಿನಿಂದ ಹೋಗುತ್ತಾ?

ಪ್ರಶ್ನೆ: ಮೇಡಂ, ಅಪ್ಪನಿಗೆ 74 ವರ್ಷ, ಜೀವನವಿಡೀ ತೋಟದ ಕೆಲಸ. ಮೂಗಿನ ಪಕ್ಕ ಒಂದು ಕಪ್ಪು ಗುಳ್ಳೆ ಇತ್ತು, ಮಚ್ಚೆ ಅಂದುಕೊಂಡು ಎರಡು ವರ್ಷ ಸುಮ್ನೆ ಇದ್ದೆವು. ಟವೆಲ್‌ನಲ್ಲಿ ಮುಖ ಒರೆಸಿದಾಗಲೆಲ್ಲ ರಕ್ತ ಬರುತ್ತೆ, ಹಕ್ಕಳೆ ಕಟ್ಟುತ್ತೆ, ಮತ್ತೆ ಉದುರುತ್ತೆ. ಬಯಾಪ್ಸಿಯಲ್ಲಿ ಬೇಸಲ್ ಸೆಲ್ ಕಾರ್ಸಿನೋಮ ಅಂತ ಬಂದಿದೆ. ಅಪ್ಪ ಆಪರೇಷನ್ ಬೇಡವೇ ಬೇಡ ಅಂತಾರೆ. ಮುಲಾಮು ಸಾಕಾಗುತ್ತಾ?

ಉತ್ತರ (ಚರ್ಮರೋಗ ವೈದ್ಯೆ): ಮೊದಲು ಧೈರ್ಯ ತಂದುಕೊಳ್ಳಿ. ಈ ಕ್ಯಾನ್ಸರ್ ದೇಹದ ಬೇರೆ ಕಡೆ ಹರಡುವುದು ತೀರಾ ಅಪರೂಪ. ಆದರೆ ಇದ್ದಲ್ಲೇ ಒಳಗೆ ಕೊರೆಯುತ್ತಾ ಹೋಗುತ್ತೆ. ನಮ್ಮವರ ಚರ್ಮದಲ್ಲಿ ಅದು ಹೆಚ್ಚಾಗಿ ಕಪ್ಪಗೇ ಇರುವುದರಿಂದ ಮಚ್ಚೆ ಅನ್ನಿಸುವುದು ಸಹಜ, ನಿಮ್ಮ ತಪ್ಪಲ್ಲ.

ರಿಪೋರ್ಟ್‌ನಲ್ಲಿ ಇನ್ನೊಂದು ಪದ ಹುಡುಕಿ. ಸೂಪರ್‌ಫಿಷಿಯಲ್ (ಚರ್ಮದ ಮೇಲ್ಪದರದಲ್ಲೇ ಇರುವುದು) ಅಂತಿದೆಯಾ, ನಾಡ್ಯುಲರ್ (ಗಂಟಿನಂತೆ ಒಳಗಿಳಿದದ್ದು) ಅಂತಿದೆಯಾ? ಮುಲಾಮು ಮುಖ್ಯವಾಗಿ ಮೊದಲನೆಯದಕ್ಕೆ. ಇಮಿಕ್ವಿಮೋಡ್ ಅನ್ನುವ ಮುಲಾಮನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6 ವಾರ ಹಚ್ಚಿಸುತ್ತೇವೆ. ಜಾಗ ಕೆಂಪಾಗಿ ಹಕ್ಕಳೆ ಕಟ್ಟುತ್ತೆ.

ಪ್ರಶ್ನೆ: ನಾಡ್ಯುಲರ್ ಅಂತಿದೆ ಮೇಡಂ. ನಮ್ಮ ಅತ್ತೆ ಸುಣ್ಣ ಹಚ್ಚಿ ಅಂತಿದ್ದಾರೆ.

ಉತ್ತರ: ದಯವಿಟ್ಟು ಸುಣ್ಣ ಬೇಡ. ಮೇಲಿನದು ಸುಟ್ಟು ಚರ್ಮ ಮುಚ್ಚಿಕೊಳ್ಳುತ್ತೆ, ಬೇರು ಕೆಳಗೆ ಬೆಳೀತಾನೇ ಇರುತ್ತೆ. ಮುಲಾಮಿನದೂ ಇಲ್ಲಿ ಅದೇ ಭಯ. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 5 ವರ್ಷದ ಮೇಲೆ ನೋಡಿದಾಗ ಇಮಿಕ್ವಿಮೋಡ್ ಹಚ್ಚಿದವರಲ್ಲಿ ಸುಮಾರು 82%, ಆಪರೇಷನ್ ಆದವರಲ್ಲಿ ಸುಮಾರು 98% ಜನಕ್ಕೆ ಗುಣವಾಗಿತ್ತು. ಅದೂ ಮೂಗಿನಂಥ ಅಪಾಯದ ಜಾಗ ಬಿಟ್ಟು.

ಚಾಕು ಬೇಡವೇ ಬೇಡ ಅಂದರೆ ಅಪ್ಪನ ವಯಸ್ಸಿಗೆ ನಿಜವಾದ ದಾರಿ ರೇಡಿಯೇಷನ್. ಕೆಲವು ವಾರ ಓಡಾಡಬೇಕು. ಪ್ರತಿ ಸಲ ಕೆಲವೇ ನಿಮಿಷ, ನೋವಿಲ್ಲ, ಕಣ್ಣಿಗೆ ಸೀಸದ ಮರೆ ಇಡುತ್ತಾರೆ. ಆಮೇಲೆ ಆ ಜಾಗ ಕೆಂಪಾಗಿ ಸಿಪ್ಪೆ ಏಳುತ್ತೆ, ಮುಂದೆ ಸ್ವಲ್ಪ ಬಿಳಿಚಬಹುದು. ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿ.

ಆದರೂ ಒಂದು ಮಾತು. ಅಪ್ಪನಿಗೆ ಭಯ ಯಾವುದರದ್ದು ಅಂತ ಕೇಳಿದ್ದೀರಾ?

ಪ್ರಶ್ನೆ: ಈಗಷ್ಟೇ ಕೇಳಿದೆ. ಪ್ರಜ್ಞೆ ತಪ್ಪಿಸಿದರೆ ಮತ್ತೆ ಏಳಲ್ಲ ಅಂತ ಭಯವಂತೆ.

ಉತ್ತರ: ಹಾಗಾದರೆ ಅಪ್ಪನಿಗೆ ಹೇಳಿ, ಇಷ್ಟು ಚಿಕ್ಕದಕ್ಕೆ ಸಾಮಾನ್ಯವಾಗಿ ಪ್ರಜ್ಞೆ ತಪ್ಪಿಸುವುದಿಲ್ಲ. ಹಲ್ಲು ಕೀಳುವಾಗಿನಂತೆ ಅಷ್ಟು ಜಾಗ ಮಾತ್ರ ಮರಗಟ್ಟಿಸುತ್ತಾರೆ. ಮಾತಾಡಿಕೊಂಡೇ ಇರಬಹುದು, ಹೆಚ್ಚಿನವರು ಅವತ್ತೇ ಮನೆಗೆ ಬರುತ್ತಾರೆ. ಸರ್ಜನ್, ರೇಡಿಯೇಷನ್ ವೈದ್ಯರು ಇಬ್ಬರ ಹತ್ತಿರವೂ ಅವರನ್ನೇ ಕೂರಿಸಿ ಮಾತಾಡಿಸಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ ಚೀಟಿ ಜೊತೆಗಿರಲಿ.