ಟಿಕೆಟ್ ಫ್ರೀ, ಬಸ್ಸೇ ಹೊತ್ತಿಗಿಲ್ಲ: ಡಿಪೋಗೆ ಏನಂತ ಬರೀಬೇಕು?

(ಪ್ರತಿ ಮಾತಿನ ಮೊದಲು ಇರೋದು ಬರೆದವರ ಅಡ್ಡಹೆಸರು.)

ಕ್ರಾಸ್‌ನವರು: ರಾಯಚೂರು ಜಿಲ್ಲೆ. ಊರು ಮುಖ್ಯರಸ್ತೆಯಿಂದ 2 ಕಿ.ಮೀ. ಒಳಗೆ. ಒಳಗೆ ಬರೋ ಮೊದಲ ಬಸ್ 9:40ಕ್ಕೆ, ಕಾಲೇಜು 9:30ಕ್ಕೆ. ಕ್ರಾಸಿನಲ್ಲಿ ವೇಗದೂತ ನಿಲ್ಲಂಗಿಲ್ಲ. ಹತ್ತಿ ಬಿಡಿಸೋಕೆ ಹೋಗೋ ಹೆಣ್ಣಾಳುಗಳು ದುಡ್ಡು ಕೊಟ್ಟು ಟಂಟಂ (ಶೇರ್ ಆಟೊ) ಹತ್ತತಾರ. ಹೊಸ ಬಸ್ ಕೇಳಿದ್ರ ‘ಗಾಡಿ ಇಲ್ಲ’ ಅಂತಾರ. ಅರ್ಜಿ ಹೆಂಗ ಬರೀಬೇಕ್ರಿ?

ವಸ್ತಿ ಬಸ್: ಹೊಸ ಬಸ್ ಕೇಳಬೇಡಿ, ಸಮಯ ಕೇಳಿ. ಹೊಸ ಶೆಡ್ಯೂಲ್ ಅಂದರೆ ಒಂದು ಗಾಡಿ, ಚಾಲಕ, ನಿರ್ವಾಹಕ, ಮೇಲೆ ಅವರ ವಾರದ ರಜೆಗೆ ಬದಲಿ ಜನ. ಪಕ್ಕದ ಊರಲ್ಲಿ ರಾತ್ರಿ ತಂಗೋ ವಸ್ತಿ ಬಸ್ ಇದೆಯಾ ನೋಡಿ. ಬೆಳಿಗ್ಗೆ ಅದು ನಿಮ್ಮೂರಿಗೆ ಬಂದು ಹೋದರೆ ಹೆಚ್ಚಾಗೋದು ಬರೀ 4 ಕಿ.ಮೀ., ಸುಮಾರು 15 ನಿಮಿಷ. ಬಸ್ 15 ನಿಮಿಷ ಮೊದಲೇ ಹೊರಡಲಿ ಅಂತಲೂ ಅದೇ ಅರ್ಜಿಯಲ್ಲಿ ಕೇಳಿ. ಇಲ್ಲದಿದ್ದರೆ ಮುಂದಿನ ಊರಿನ ಹುಡುಗಿಯರಿಗೆ ತಡವಾಗಿ, ಅವರೇ ನಿಮ್ಮ ವಿರುದ್ಧ ಅರ್ಜಿ ಹಾಕ್ತಾರೆ! ಡಿಪೋ ಮ್ಯಾನೇಜರ್‌ಗೆ ಒಂದು ಪ್ರತಿ, ವಿಭಾಗೀಯ ನಿಯಂತ್ರಣಾಧಿಕಾರಿಗೆ ಒಂದು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಎಣಿಕೆ: ಅರ್ಜಿ ಜೊತೆ ಲೆಕ್ಕ ಇಡಿ. 2023ರ ಜೂನ್ 11ರಿಂದ ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಇದೆ ನಿಜ, ಆದರೆ ಟಿಕೆಟ್ ಮಷಿನ್‌ಗೆ ಗೊತ್ತಿರೋದು ಬಸ್ ಹತ್ತಿದವರಷ್ಟೇ. ಜಾಗ ಸಾಲದೆ ಉಳಿದವರು, ಬೇಸತ್ತು ಟಂಟಂ ಹತ್ತಿದವರು ಯಾವ ದಾಖಲೆಯಲ್ಲೂ ಇಲ್ಲ. ಒಂದು ಸೋಮವಾರ, ಒಂದು ಸಂತೆ ದಿನ, ಒಂದು ಸಾದಾ ದಿನ ಬೆಳಿಗ್ಗೆ 6:30ರಿಂದ 10, ಸಂಜೆ 3:30ರಿಂದ 7ರವರೆಗೆ ಕೂತು ಬರೀರಿ: ಬಸ್ ಬಂದ ಹೊತ್ತು, ಕಾಯುತ್ತಿದ್ದ ಹೆಂಗಸರು, ಹತ್ತಿದವರು, ಉಳಿದವರು, ಟಂಟಂಗೆ ಹೋದವರು. ಹತ್ತಿ ಬಿಡಿಸೋ ಕಾಲದಲ್ಲೂ ಎಣಿಸಿ, ಭತ್ತ ನಾಟಿ ಕಾಲದಲ್ಲೂ ಎಣಿಸಿ. ಕಾಲೇಜು ರಜೆಯಲ್ಲಿ ಎಣಿಸಿದರೆ ಅರ್ಜಿ ಅಲ್ಲಿಗೇ ಬಿತ್ತು.

ಇನ್ನೊಂದು: ಟಿಕೆಟ್ ನಿಮ್ಮ ಸ್ಟೇಜಿನಿಂದಲೇ (ನೀವು ಹತ್ತಿದ ನಿಲ್ದಾಣದಿಂದಲೇ) ಕೊಡಿಸಿಕೊಳ್ಳಿ. ಫ್ರೀ ಅಲ್ವಾ ಅಂತ ಹಿಂದಿನ ಊರಿನ ಹೆಸರಿದ್ದರೂ ಸುಮ್ಮನಿದ್ದರೆ, ಲೆಕ್ಕ ಆ ಊರಿಗೇ ಹೋಗುತ್ತೆ.

ಗರಸು: ನಿಲ್ದಾಣದ ಕೆಲಸ ಪಂಚಾಯಿತಿಯಿಂದಲೇ ಮಾಡಿಸಬಹುದು. ಡಾಂಬರು ಅಂಚು ಮುಗಿದ ಕೂಡಲೆ ಮಣ್ಣು ಅರ್ಧ ಅಡಿ ಕುಸಿದಿದ್ದರೆ ಬಸ್ಸಿನ ಮೊದಲ ಮೆಟ್ಟಿಲು ಅಷ್ಟು ಹೆಚ್ಚು ಎತ್ತರ ಆಯ್ತು. ಸೀರೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿಗಂಟು, ಹತ್ತೋದು ಹೆಂಗ? 15 ಮೀಟರ್ ಉದ್ದಕ್ಕೆ ಗರಸು (ಜಲ್ಲಿ ಬೆರೆತ ಗಟ್ಟಿಮಣ್ಣು) ಹಾಕಿ, ನೀರು ಹೊಡೆದು, ರೋಲರ್ ಓಡಿಸಿ ಡಾಂಬರಿನ ಮಟ್ಟಕ್ಕೆ ತರಬೇಕು. ರೋಲರ್ ಬಿಟ್ಟರೆ ಮೊದಲ ಮಳೆಗೇ ಕೊಚ್ಚಿಹೋಗುತ್ತೆ.

ತಂಗುದಾಣಕ್ಕೆ ಮೂರು ಕಡೆ ಆಳೆತ್ತರದ ಗೋಡೆ ಬೇಡವೇ ಬೇಡ, ಕತ್ತಲಾದರೆ ಅದು ಇಸ್ಪೀಟಿನ ಅಡ್ಡೆ. ಗೋಡೆ ಸೊಂಟದೆತ್ತರ ಸಾಕು, ಮೇಲೆ ಜಾಳಿಗೆ. ದೀಪದ ಬೆಳಕು ಕೂರೋ ಜಾಗಕ್ಕೂ ಊರ ದಾರಿಗೂ ಬೀಳಬೇಕು. ಕಂಬಕ್ಕೂ ತಂಗುದಾಣಕ್ಕೂ ನಡುವೆ ಬೇವಿನ ಮರ ಇದ್ದರೆ ದೀಪ ಉರಿದೂ ಕತ್ತಲೆ.

ಕ್ರಾಸ್‌ನವರು: ವೇಗದೂತ ನಿಲ್ಲಿಸೋಕೆ?

ವಸ್ತಿ ಬಸ್: ದಿನವಿಡೀ ನಿಲುಗಡೆ ಕೇಳಿದರೆ ಒಪ್ಪೋದು ಕಷ್ಟ. ಬೆಳಿಗ್ಗೆ ಒಂದು, ಸಂಜೆ ಒಂದು ಟ್ರಿಪ್‌ಗೆ ಮಾತ್ರ ‘ಕೋರಿಕೆ ನಿಲುಗಡೆ’ (ಹತ್ತೋರು, ಇಳಿಯೋರು ಇದ್ದರಷ್ಟೇ ನಿಲ್ಲೋದು) ಕೇಳಿ, ಹೊತ್ತು ಬರೆದೇ ಕೇಳಿ. ವೇಗದೂತದಲ್ಲೂ ಶೂನ್ಯ ಟಿಕೆಟ್ ನಡೆಯುತ್ತೆ. ರಾಜಹಂಸ, ಸ್ಲೀಪರ್, ಎಸಿ ಬಸ್ಸಿನಲ್ಲಿ ಇಲ್ಲ.